ಕೇಳಲಾರದವಳ ಸೀಟು

ಕನ್ನಡದಲ್ಲಿ ‘ಕೇಳು’ ಅನ್ನುವ ಮಾತಿಗೆ ಎರಡು ಅರ್ಥ. ಕಿವಿಗೆ ಬಿದ್ದದ್ದನ್ನು ಕೇಳುವುದು ಒಂದು. ಬೇಕಾದ್ದನ್ನು ಬಾಯಿಬಿಟ್ಟು ಕೇಳುವುದು ಇನ್ನೊಂದು. ಮೊದಲನೆಯದು ಬಾರದವರಿಗೆ ಎರಡನೆಯದರ ಹಕ್ಕೂ ಇಲ್ಲವೆಂದು ಈ ಸಮಾಜ ಯಾವತ್ತೋ ತೀರ್ಮಾನ ಮಾಡಿಬಿಟ್ಟಿದೆ. ಕಾಲೇಜಿನ ಸೀಟು ಕೇಳುವ ಹಕ್ಕೂ ಅದರಲ್ಲಿ ಸೇರಿದೆ.

ನಮಗೆ ಇದು ಹೊಸದಲ್ಲ. ವೇದ ಕೇಳಿದ ಶೂದ್ರನ ಕಿವಿಗೆ ಕಾಸಿದ ಲೋಹವನ್ನೂ ಅರಗನ್ನೂ ಹೊಯ್ಯಿರಿ ಎಂದು ಗೌತಮ ಧರ್ಮಸೂತ್ರ ಬರೆದಿಟ್ಟಿತು. ಹುಟ್ಟು ಕಿವುಡರಿಗೆ ಅಪ್ಪನ ಆಸ್ತಿಯಲ್ಲಿ ಪಾಲಿಲ್ಲ ಎಂದು ಮನುಸ್ಮೃತಿ ಬರೆದಿಟ್ಟಿತು. ಬಾಬಾಸಾಹೇಬರು ಮಹಾಡದಲ್ಲಿ ಆ ಪುಸ್ತಕವನ್ನು ಸುಡಿಸಿದ್ದು 1927ರ ಡಿಸೆಂಬರ್ 25ರಂದು. ಕಿವುಡರಿಗೂ ಪಾಲುಂಟು ಎಂದು ಕಾನೂನು ಬಂದದ್ದು ಮಾರನೇ ವರ್ಷ, 1928ರಲ್ಲಿ. ಎರಡಕ್ಕೂ ನಾವಾಗಿ ಗಂಟು ಹಾಕುವುದು ಬೇಡ. ಆದರೆ ನಮ್ಮ ಕಿವಿಗೆ ಲೋಹ ಕಾಸಿದವರೂ ಕಿವುಡರ ಪಾಲನ್ನು ಕಿತ್ತುಕೊಂಡವರೂ ಒಂದೇ ಪಂಕ್ತಿಯಲ್ಲಿ ಕೂತು ಉಂಡವರು ಅನ್ನುವುದನ್ನು ಮರೆಯುವುದೂ ಬೇಡ. ಕಲಿತವನಿಗೆ ಇವರು ಕೊಟ್ಟ ಹೆಸರು ‘ಬಹುಶ್ರುತ’. ಅಂದರೆ ಬಹಳ ಕೇಳಿಸಿಕೊಂಡವನು. ಕೇಳಿಸದವಳು ಕಲಿಯುತ್ತಾಳೆ ಅನ್ನುವುದು ಅವರ ನಿಘಂಟಿನಲ್ಲೇ ಇಲ್ಲ.

ನಮ್ಮ ಕೇರಿಯಲ್ಲಿ ಡಿಗ್ರಿ ಮುಗಿಸಿದ ಮೊದಲ ತಲೆ ನಾವು. ಹೀಗಾಗಿ ರೇಷನ್ ಕಾರ್ಡಿನಿಂದ ಹಿಡಿದು ಪಿಂಚಣಿವರೆಗೆ ಎಲ್ಲ ಕಾಗದವೂ ನಮ್ಮ ಜಗಲಿಗೇ ಬರುತ್ತದೆ. ನಾವು ಕವಿತೆ ಬರೆಯುವವರು ಅಂದರೆ ಯಾರೂ ನಂಬುವುದಿಲ್ಲ. ಅರ್ಜಿ ಬರೆಯುವವರು ಅಂತಲೇ ಹೆಸರಾಗಿದೆ. ಈ ಸಲ ಬಂದದ್ದು ನಮ್ಮ ದೊಡ್ಡಪ್ಪನ ಮಗಳು. ಕಬ್ಬಿನ ಗದ್ದೆ ಕೂಲಿ ಅವಳದು. ಅವಳ ಮಗಳು ಸೆಕೆಂಡ್ ಪಿಯುಸಿ ಸೈನ್ಸು. ಹುಡುಗಿಗೆ ಎರಡೂ ಕಿವಿ ಕೇಳುವುದಿಲ್ಲ.

‘ಮೂಗೀಗ್ ಯಾತಕ್ಕವ್ವ ಇಂಜಿನಿಯರಿಂಗು, ಬಟ್ಟೆ ಹೊಲಿಯಾದ್ ಕಲಿಸು ಅಂತ ಊರೋರೆಲ್ಲ ಅಂತವ್ರೆ ಕಣ್ ತಮ್ಮ. ನೀನ್ ಓದ್ದೋನು, ದೊಡ್ ದೊಡ್ ಕಾಲೇಜ್ನಲ್ಲಿ ಇವಳ್ಗೆ ಸೀಟ್ ಸಿಕ್ತದ ಇಲ್ವ, ಒಂದ್ ಮಾತ್ನಲ್ಲಿ ಅಂದ್ಬುಡು’ ಅಂದಳು ಅಕ್ಕ.

ಒಂದು ಮಾತಿನಲ್ಲಿ ಹೇಳುವಂಥದ್ದಲ್ಲ ಇದು. ಅಕ್ಕನಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇವೆ. ಹಳ್ಳಿ ಮೇಷ್ಟರುಗಳೂ ಹಾಸ್ಟೆಲಿನ ಗೆಳೆಯರೂ ಓದಲಿ ಎಂದು. ನಿಮ್ಮ ಊರಿನಲ್ಲೂ ಇಂಥ ಒಬ್ಬಳು ಇದ್ದಾಳೆ. 2011ರ ಜನಗಣತಿಯಲ್ಲಿ ಕೇಳಿಸಿಕೊಳ್ಳುವ ತೊಂದರೆಯಿದೆ ಎಂದು ಬರೆಸಿದವರೇ ಈ ದೇಶದಲ್ಲಿ 50 ಲಕ್ಷಕ್ಕೂ ಮೇಲೆ.

ಮೊದಲು ಕಾಗದದ ಲೆಕ್ಕ. ಬೇರೆ ಮಕ್ಕಳಿಗೆ ಅಂಕದ ಶೇಕಡ ಒಂದೇ. ಇವಳಿಗೆ ಅದಕ್ಕೂ ಮುಂಚೆ ಕಿವಿಯ ಶೇಕಡ ಬೇಕು. ಬೇರೆ ಬೇರೆ ಸ್ವರದಲ್ಲಿ ಶಬ್ದ ಕೊಟ್ಟು, ಎಷ್ಟು ಡೆಸಿಬೆಲ್ಲಿಗೆ ಕೇಳಿಸಿತು ಅಂತ ಅಳೆಯುತ್ತಾರೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಪ್ರಕಾರ ಎರಡೂ ಕಿವಿಯಲ್ಲಿ 70 ಡೆಸಿಬೆಲ್ ನಷ್ಟವಿದ್ದರೆ ಕಿವುಡು. 60ರಿಂದ 70 ಇದ್ದರೆ ಮಂದ ಶ್ರವಣ. ಮೀಸಲಾತಿ ಸಿಗಬೇಕಾದರೆ ಒಟ್ಟು ವೈಕಲ್ಯ ಶೇಕಡ 40ಕ್ಕೆ ಕಡಿಮೆ ಇರಬಾರದು. ಅದಾದ ಮೇಲೆ ಯುಡಿಐಡಿ ಕಾರ್ಡು. ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ 1960ರ ದಶಕದಿಂದ ಇದೆ. ನಮ್ಮ ಜಿಲ್ಲೆಯವರಿಗೆ ಅದು ಹತ್ತಿರವೇ. ಹತ್ತಿರ ಅಂದರೂ ಹೋಗಿಬರುವ ದಿನ ಅಕ್ಕನ ಕೂಲಿ ಹೋಗುತ್ತದೆ. ಜಾತಿ ಸರ್ಟಿಫಿಕೇಟು, ಆದಾಯದ ಸರ್ಟಿಫಿಕೇಟು, ಈಗ ಕಿವಿಯ ಸರ್ಟಿಫಿಕೇಟು. ಬಡವರ ಮಕ್ಕಳು ತಾವು ಏನು ಅನ್ನುವುದನ್ನು ಮುದ್ರೆ ಒತ್ತಿಸಿಯೇ ಸಾಬೀತು ಮಾಡಬೇಕು.

ಎರಡನೆಯದು ಸೀಟಿನ ಲೆಕ್ಕ. 1995ರ ಕಾಯ್ದೆಯಲ್ಲಿ ಶೇಕಡ 3 ಇತ್ತು. 2016ರ ಕಾಯ್ದೆಯ 32ನೇ ಸೆಕ್ಷನ್ನು ಅದನ್ನು 5ಕ್ಕೆ ಏರಿಸಿತು. ಸರ್ಕಾರಿ ಮತ್ತು ಸರ್ಕಾರದ ನೆರವು ಪಡೆಯುವ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಅದಕ್ಕೆ ಕಡಿಮೆ ಆಗುವಂತಿಲ್ಲ. ವಯಸ್ಸಿನಲ್ಲಿ 5 ವರ್ಷ ಸಡಿಲಿಕೆಯೂ ಉಂಟು. ಈ ಮೀಸಲಾತಿ ಅಡ್ಡಡ್ಡ ಹಾಯುವಂಥದ್ದು. ಸಾಮಾನ್ಯ, ಹಿಂದುಳಿದ, ಪರಿಶಿಷ್ಟ ಎಂದು ಉದ್ದುದ್ದ ಕೊರೆದ ಪಟ್ಟಿಗಳನ್ನೆಲ್ಲ ಅಡ್ಡಕ್ಕೆ ಸೀಳಿಕೊಂಡು ಹೋಗುತ್ತದೆ. ಅಂದರೆ ನಮ್ಮ ಹುಡುಗಿ ನಿಲ್ಲುವುದು ಪರಿಶಿಷ್ಟ ಜಾತಿಯೊಳಗಿನ ಅಂಗವಿಕಲರ ಸಾಲಿನಲ್ಲಿ. ಕೇಂದ್ರದ ಸಂಸ್ಥೆಗಳಲ್ಲಿ ಶೇಕಡ 15ರ ಒಳಗೆ ಶೇಕಡ 5. ಗುಣಿಸಿದರೆ ಸಾವಿರ ಸೀಟಿಗೆ ಏಳೂವರೆ. ಆ ಏಳೂವರೆಯಲ್ಲೂ ಕಣ್ಣಿಲ್ಲದವರು, ಕೈಕಾಲು ಊನವಾದವರು, ಕಿವುಡರು ಎಲ್ಲರಿಗೂ ಪಾಲು.

ಅಯ್ಯೋ ಇಷ್ಟೇನಾ ಅನ್ನಬೇಡಿ. ಆ ಸಾಲಿನಲ್ಲಿ ನಿಲ್ಲುವುದಕ್ಕೆ ಬರುವವರು ಎಷ್ಟು ಜನ ಅನ್ನುವುದನ್ನು ನೋಡಿ. 2024ರ ಜೆಇಇ ಮೇನ್ ಪರೀಕ್ಷೆಯಿಂದ ಐಐಟಿಗಳ ಅಡ್ವಾನ್ಸ್ಡ್ ಪರೀಕ್ಷೆಗೆ ಹೋಗಲು ಸಾಮಾನ್ಯ ವರ್ಗದ ಕಟ್ಆಫ್ 93 ಪರ್ಸೆಂಟೈಲ್ ದಾಟಿತ್ತು. ಪರಿಶಿಷ್ಟ ಜಾತಿಯದು 60ರ ಆಸುಪಾಸು. ಅಂಗವಿಕಲರದು? ಒಂದಕ್ಕೂ ಕೆಳಗೆ, ಸೊನ್ನೆಗೆ ಅಂಟಿಕೊಂಡಿತ್ತು. ‘ನೋಡಿ, ಸೊನ್ನೆ ತೆಗೆದವರಿಗೂ ಸೀಟು’ ಎಂದು ಮೆರಿಟ್ಟಿನ ಭಕ್ತರು ಹಲ್ಲು ಕಿರಿಯುತ್ತಾರೆ. ಅವರಿಗೆ ಎರಡು ಮಾತು ಹೇಳಬೇಕು. ಒಂದು, ಅದು ಸೀಟಲ್ಲ, ಮುಂದಿನ ಪರೀಕ್ಷೆಗೆ ಬರೀ ಪ್ರವೇಶ. ಅಲ್ಲಿ ಸಾಮಾನ್ಯ ಪಟ್ಟಿಯ ಕನಿಷ್ಠ ಅಂಕದ ಅರ್ಧವನ್ನಾದರೂ ತೆಗೆದೇ ತೀರಬೇಕು. ಎರಡು, ಕಟ್ಆಫ್ ಸೊನ್ನೆಗೆ ಇಳಿಯುವುದು ಯಾವಾಗ? ಇಟ್ಟ ಎಲೆಗಳಿಗಿಂತ ಉಣ್ಣುವವರು ಕಡಿಮೆಯಾದಾಗ. ಊಟಕ್ಕೆ ಬರಬೇಕಾದ ಮಕ್ಕಳು ಎಲ್ಲಿ ಹೋದರು? ಒಂದನೇ ಕ್ಲಾಸಿನಿಂದ ಹನ್ನೆರಡನೇ ಕ್ಲಾಸಿನವರೆಗಿನ ದಾರಿಯಲ್ಲಿ ಅವರು ಉದುರಿಹೋದರು. ಆ ಸೊನ್ನೆ ನಮ್ಮ ಮಕ್ಕಳ ಬುದ್ಧಿಯ ಅಂಕ ಅಲ್ಲ. ನಮ್ಮ ಶಾಲೆಗಳ ಅಂಕ.

ಹಾಗಾದರೆ ಉದುರುವುದು ಎಲ್ಲಿ? ನಮ್ಮ ಹುಡುಗಿಯ ಕತೆಯನ್ನೇ ಹಿಡಿದು ಹೋಗೋಣ.

ಒಂದೂವರೆ ವರ್ಷದ ಕೂಸಿಗೆ ಮಿದುಳು ಜ್ವರ ಬಂತು. ಜೀವ ಉಳಿಯಿತು, ಕಿವಿ ಹೋಯಿತು. ಹೋಯಿತೆಂದು ಗೊತ್ತಾಗಲು ಮತ್ತೆ ಎರಡು ವರ್ಷ ಬೇಕಾಯಿತು. ಕರೆದರೆ ತಿರುಗದ ಮಗುವನ್ನು ಹಟಮಾರಿ ಅಂದರು, ಗಾಳಿ ಸೋಕಿದೆ ಅಂದರು, ದೇವರ ಗುಡಿಯಲ್ಲಿ ನಾಲಿಗೆಗೆ ಬೂದಿ ಸವರಿದರು. ಕಿವುಡು ತಡೆಯುವ ರಾಷ್ಟ್ರೀಯ ಕಾರ್ಯಕ್ರಮ ಎಂದು 2006ರಿಂದಲೇ ಒಂದಿದೆ. ಅದು ನಮ್ಮ ಕೇರಿಯ ಅಂಗನವಾಡಿಗೆ ಬರಲಿಲ್ಲ. ಕಿವುಡ ಮಕ್ಕಳ ಶಾಲೆಗೆ ಅವಳನ್ನು ಸೇರಿಸಿದಾಗ ಅವಳಿಗೆ ಏಳು ವರ್ಷ. ಅಲ್ಲಿಯತನಕ ಅವಳಿಗೆ ಇದ್ದ ಭಾಷೆ ಅಂದರೆ ಅನ್ನ, ನೀರು, ಅವ್ವ, ನಾಯಿ, ನೋವು: ಇಷ್ಟಕ್ಕೆ ಅವಳೇ ಮಾಡಿಕೊಂಡ ಸನ್ನೆ.

ಮೊದಲ ಐದು ವರ್ಷದಲ್ಲಿ ಮಗುವಿಗೆ ಒಂದು ಪೂರ್ತಿ ಭಾಷೆ ಸಿಗಬೇಕು. ಬಾಯಿಮಾತೋ ಕೈಮಾತೋ, ಯಾವುದಾದರೂ ಸೈ. ಸಿಗದಿದ್ದರೆ ಮುಂದೆ ಕಲಿಯುವ ಪ್ರತಿ ಪಾಠವೂ ಒಡ್ಡಿಲ್ಲದ ಕೆರೆಗೆ ನೀರು ಬಿಟ್ಟಂತೆ. ಇದನ್ನು ತಿಳಿದವರೆಲ್ಲ ಹೇಳುತ್ತಾರೆ. ಆದ್ದರಿಂದ ಹದಿನೇಳನೇ ವರ್ಷದಲ್ಲಿ ‘ಇವಳಿಗೆ ಸೀಟು ಸಿಗುವ ಸಾಧ್ಯತೆ ಎಷ್ಟು’ ಎಂದು ಕೇಳುವುದು ತಡವಾಗಿ ಕೇಳಿದ ಪ್ರಶ್ನೆ. ಅರ್ಧ ಉತ್ತರವನ್ನು ಎರಡನೇ ವರ್ಷದಲ್ಲೇ ಯಾರೋ ಬರೆದು ಮುಗಿಸಿರುತ್ತಾರೆ.

ಶಾಲೆಯಲ್ಲಿ ಮೇಷ್ಟರ ಹೆಸರು, ಗೆಳತಿಯರ ಹೆಸರು ಎಲ್ಲಕ್ಕೂ ಒಂದೊಂದು ಸನ್ನೆ. ಇವಳ ಹುಬ್ಬಿನ ಮೇಲೆ ಒಂದು ಗಾಯದ ಗುರುತಿದೆ. ಅದನ್ನು ಬೆರಳಿನಿಂದ ಮುಟ್ಟಿದರೆ ಅದೇ ಇವಳ ಹೆಸರು. ಕಾಗದದಲ್ಲಿರುವ ಹೆಸರನ್ನು ಅವಳು ಕೇಳಿಯೇ ಇಲ್ಲ. ಮಕ್ಕಳು ಬಯಲಿನಲ್ಲಿ, ಹಾಸ್ಟೆಲಿನ ಹಾಸಿಗೆ ಮೇಲೆ ಕೈಯಲ್ಲಿ ಮಾತಾಡುತ್ತಿದ್ದರು. ಕ್ಲಾಸಿನಲ್ಲಿ ಮಾತ್ರ ಬಾಯಿ ನೋಡಿ ಕಲಿಯಬೇಕು. ಇದಕ್ಕೂ ಒಂದು ಚರಿತ್ರೆ ಇದೆ. 1880ರಲ್ಲಿ ಇಟಲಿಯ ಮಿಲಾನಿನಲ್ಲಿ ಕಿವುಡರ ಶಿಕ್ಷಕರು ದೊಡ್ಡ ಸಮ್ಮೇಳನ ಮಾಡಿ, ಶಾಲೆಯಲ್ಲಿ ಕೈಮಾತು ಬೇಡ, ಬಾಯಿಮಾತೇ ಆಗಬೇಕು ಎಂದು ಠರಾವು ಮಾಡಿದರು. ಅದು ತಪ್ಪಾಯಿತೆಂದು ಅದೇ ಸಮ್ಮೇಳನದ ಸಂತತಿಯವರು ಕೆನಡಾದ ವ್ಯಾಂಕೂವರಿನಲ್ಲಿ ಹೇಳಿದ್ದು 2010ರಲ್ಲಿ. ನೂರಮೂವತ್ತು ವರ್ಷ! ಆಳುವವರ ಭಾಷೆಯಲ್ಲಿ ಮಾತಾಡಿದರೆ ಮಾತ್ರ ಮನುಷ್ಯರು ಅನ್ನುವ ನ್ಯಾಯ ನಮಗೂ ಪರಿಚಯದ್ದೇ.

ಬಾಯಿ ನೋಡಿ ಕಲಿ ಅನ್ನುವವರು ಕನ್ನಡಿ ಮುಂದೆ ನಿಂತು ಶಬ್ದ ಬಿಡದೆ ಮೂರು ಮಾತು ಆಡಿ ನೋಡಿ: ಬರ, ಮರ, ಪರ. ಮೂರಕ್ಕೂ ತುಟಿ ಒಂದೇ. ಬರಗಾಲವೋ ಮರವೋ ಪರರೋ, ತುಟಿ ಹೇಳುವುದಿಲ್ಲ. ಇನ್ನು ಮೇಷ್ಟರು ಬೋರ್ಡಿನ ಕಡೆ ತಿರುಗಿ ಮಾತಾಡಿದರೆ ಆ ತುಟಿಯೂ ಇಲ್ಲ. ತಾಲ್ಲೂಕಿನ ಪಿಯು ಕಾಲೇಜಿಗೆ ಬಂದ ಮೇಲೆ ಅವಳಿಗೆ ದಿನವೂ ಸಿಕ್ಕಿದ್ದು ಮೇಷ್ಟರ ಬೆನ್ನು. ಪಕ್ಕದ ಹುಡುಗಿಯ ನೋಟ್ಸು ನೋಡಿ ಬರೆದುಕೊಂಡೇ ಎರಡು ವರ್ಷ ಕಳೆದಳು. ಮಾತನ್ನು ಅಕ್ಷರ ಮಾಡಿ ತೋರಿಸುವ ಮೊಬೈಲು ಈಗ ಬಂದಿದೆ. ನಮ್ಮ ಕಡೆ ಮೇಷ್ಟರ ಮಾತಿಗೆ ಅದೂ ತಬ್ಬಿಬ್ಬು.

‘ಯಾವುದು ಕಷ್ಟ?’ ಎಂದು ನಾವು ಮೊಬೈಲಿನಲ್ಲಿ ಬರೆದು ತೋರಿಸಿದೆವು. ಅವಳು ಬರೆದಳು: ‘ಲೆಕ್ಕ ಸುಲಭ. ಮೇಷ್ಟ್ರು ಬಾಯಿ ಕಷ್ಟ. ಇಂಗ್ಲಿಷ್ ತುಂಬಾ ಕಷ್ಟ.’

ಈ ಇಂಗ್ಲಿಷಿನ ವಿಚಾರದಲ್ಲಿ ಒಂದು ಮೋಸವಿದೆ. 2016ರ ಕಾಯ್ದೆಯ 17ನೇ ಸೆಕ್ಷನ್ನು ಅಂಗವಿಕಲ ಮಕ್ಕಳಿಗೆ ಎರಡನೇ, ಮೂರನೇ ಭಾಷೆಯಿಂದ ವಿನಾಯಿತಿ ಕೊಡಬಹುದು ಅನ್ನುತ್ತದೆ. ಒಳ್ಳೆಯ ಮನಸ್ಸಿನಿಂದಲೇ ಬರೆದದ್ದು. ಕೇಳದ ಮಕ್ಕಳಿಗೆ ಕನ್ನಡವೇ ಎರಡನೇ ಭಾಷೆ, ಕೈಮಾತು ಮೊದಲನೆಯದು. ಅವರ ಮೇಲೆ ಮೂರು ಭಾಷೆ ಹೇರುವುದು ಹಿಂಸೆಯೇ. ಆದರೆ ವಿನಾಯಿತಿ ಕೊಟ್ಟವರು ಅಲ್ಲಿಗೇ ಕೈ ತೊಳೆದುಕೊಂಡರೆ? ನಮ್ಮ ಹುಡುಗಿ ಎಸ್ಸೆಸ್ಸೆಲ್ಸಿ ತನಕ ಇಂಗ್ಲಿಷ್ ಓದಲೇ ಇಲ್ಲ. ಪಿಯುಸಿ ಸೈನ್ಸಿಗೆ ಬಂದರೆ ಪುಸ್ತಕವೆಲ್ಲ ಇಂಗ್ಲಿಷು! ಜೆಇಇ ಮೇನ್ 2021ರಿಂದ ಕನ್ನಡವೂ ಸೇರಿ 13 ಭಾಷೆಯಲ್ಲಿ ನಡೆಯುತ್ತಿದೆ. ಅಡ್ವಾನ್ಸ್ಡ್ ಪರೀಕ್ಷೆ ಮಾತ್ರ ಇಂಗ್ಲಿಷು ಇಲ್ಲವೇ ಹಿಂದಿ. ಕೆಳಗಿನ ಮೆಟ್ಟಿಲಲ್ಲಿ ‘ನೀನು ಇಂಗ್ಲಿಷ್ ಕಲಿಯದಿದ್ದರೂ ಸೈ ಮಗಳೆ’ ಎಂದು ತಲೆ ಸವರಿ, ಮೇಲಿನ ಮೆಟ್ಟಿಲಲ್ಲಿ ‘ಇಂಗ್ಲಿಷ್ ಬಾರದವರಿಗೆ ಜಾಗವಿಲ್ಲ’ ಅನ್ನುವ ವ್ಯವಸ್ಥೆ ಇದು.

ಇಷ್ಟೆಲ್ಲ ಲೆಕ್ಕ ಹಾಕಿ, ಕಾಲೇಜುಗಳನ್ನೂ ಕಣ್ಣಾರೆ ನೋಡಿ ಬರೋಣ ಎಂದು ಅಕ್ಕನನ್ನೂ ಹುಡುಗಿಯನ್ನೂ ಕರೆದುಕೊಂಡು ಒಂದು ಹೆಸರಾಂತ ಇಂಜಿನಿಯರಿಂಗ್ ಕಾಲೇಜಿಗೆ ಹೋದೆವು. ಕಿಟಕಿಯ ಹಿಂದೆ ಕೂತಿದ್ದ ಗುಮಾಸ್ತರು ಹುಡುಗಿಯನ್ನು ಮಾತಾಡಿಸಿದರು. ಅವಳು ನಕ್ಕಳು. ನಾವು ವಿಷಯ ಹೇಳಿದೆವು. ‘ಮಾತೇ ಬರಲ್ವಾ? ಹಂಗಾದ್ರೆ ವೈವಾ ಹೆಂಗ್ ಕೊಡ್ತಾಳೆ? ಸೆಮಿನಾರ್ ಹೆಂಗ್ ಕೊಡ್ತಾಳೆ?’ ಅಂದರು. ಬರೆದು ಕೊಡಬಹುದಲ್ಲ ಸಾರ್ ಅಂದೆವು. ‘ನಮ್ಮಲ್ಲಿ ಅಂಥ ಪದ್ಧತಿ ಇಲ್ಲ’ ಅಂದರು. ಹುಡುಗಿ ಅವರ ಬಾಯನ್ನೇ ನೋಡುತ್ತಿದ್ದಳು. ಅಕ್ಕ ಸೆರಗು ಬಿಗಿದು, ‘ಇಲ್ದಿದ್ರೆ ಮಾಡ್ಕಳಿ ಸ್ವಾಮಿ, ನಮ್ಗೂ ಓದಾ ಪದ್ಧತಿ ಇರ್ಲಿಲ್ಲ, ಈಗ ಮಾಡ್ಕಂಡಿಲ್ವ?’ ಅಂದುಬಿಟ್ಟಳು. ಡಿಗ್ರಿ ಓದಿದ ನಮಗೆ ಆ ಮಾತು ಹೊಳೆದಿರಲಿಲ್ಲ.

ಕಾನೂನು ಅಕ್ಕನ ಪರವಾಗಿದೆ. ಕಿವುಡ ಮಕ್ಕಳಿಗೆ ಅವರಿಗೆ ತಕ್ಕ ಭಾಷೆಯಲ್ಲಿ, ತಕ್ಕ ವಿಧಾನದಲ್ಲಿ ಕಲಿಸಬೇಕು ಎಂದು ಅದೇ ಕಾಯ್ದೆಯ 16ನೇ ಸೆಕ್ಷನ್ನು ಹೇಳುತ್ತದೆ. 2024ರ ಅಕ್ಟೋಬರಿನಲ್ಲಿ ಓಂಕಾರ್ ಗೊಂಡ್ ಎಂಬ ವಿದ್ಯಾರ್ಥಿಯ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ಮಾತು ಮತ್ತು ಭಾಷೆಯ ವೈಕಲ್ಯ ಶೇಕಡ 40ಕ್ಕಿಂತ ಹೆಚ್ಚಿದೆ ಎಂದು ಅವರಿಗೆ ಎಂಬಿಬಿಎಸ್ ಸೀಟು ತಪ್ಪುವುದರಲ್ಲಿತ್ತು. ಬರೀ ಶೇಕಡ ನೋಡಿ ಯಾರನ್ನೂ ಅನರ್ಹರೆನ್ನಬೇಡಿ, ಆ ಕೋರ್ಸನ್ನು ಅವರು ಮಾಡಬಲ್ಲರೇ ಎಂದು ಪರೀಕ್ಷಿಸಿ ಹೇಳಿ ಎಂದಿತು ಕೋರ್ಟು. ಬೆಂಗಳೂರಿನ ಕಿವುಡ ವಕೀಲೆ ಸಾರಾ ಸನ್ನಿ 2023ರಲ್ಲಿ ಅದೇ ಸುಪ್ರೀಂ ಕೋರ್ಟಿನ ಮುಂದೆ ಕೈಮಾತಿನಲ್ಲಿ ವಾದಕ್ಕೆ ನಿಂತರು. ದುಭಾಷಿ ಅದನ್ನು ಬಾಯಿಮಾತಿಗೆ ತಂದರು. ದೇಶದ ದೊಡ್ಡ ಕೋರ್ಟಿನಲ್ಲಿ ನಡೆದ ಪದ್ಧತಿ ಒಂದು ಕಾಲೇಜಿನ ವೈವಾದಲ್ಲಿ ನಡೆಯುವುದಿಲ್ಲವೇ?

ಕೊಡಿ ಎಂದು ಬೇಡಿದ್ದರಿಂದಲೇ ಇವೆಲ್ಲ ಬಂದಿಲ್ಲ. ಅಮೆರಿಕದ ವಾಷಿಂಗ್ಟನ್ನಿನಲ್ಲಿ ಗ್ಯಾಲಡೆಟ್ ಎಂಬ ಕಿವುಡರ ವಿಶ್ವವಿದ್ಯಾಲಯ ಇದೆ. ಅದಕ್ಕೆ ಪದವಿ ಕೊಡುವ ಅಧಿಕಾರ ಸಿಕ್ಕಿದ್ದು 1864ರಲ್ಲಿ, ಲಿಂಕನ್ ಸಹಿಯಿಂದ. ಆಮೇಲೆ 124 ವರ್ಷ ಅದಕ್ಕೆ ಕಿವುಡ ಅಧ್ಯಕ್ಷರೇ ಇರಲಿಲ್ಲ. 1988ರ ಮಾರ್ಚಿನಲ್ಲಿ ಆಡಳಿತ ಮಂಡಳಿ ಮತ್ತೆ ಕಿವಿ ಕೇಳುವವರನ್ನೇ ಆರಿಸಿದಾಗ ವಿದ್ಯಾರ್ಥಿಗಳು ಗೇಟು ಮುಚ್ಚಿ ಕೂತರು. ಒಂದೇ ವಾರ. ಐ. ಕಿಂಗ್ ಜೋರ್ಡನ್ ಮೊದಲ ಕಿವುಡ ಅಧ್ಯಕ್ಷರಾದರು. ಘೋಷಣೆ ಕೂಗಲು ಗಂಟಲೇ ಬೇಕೆಂದಿಲ್ಲ ಅನ್ನುವುದನ್ನು ಗೆಳೆಯರು ಗಮನಿಸಬೇಕು.

ಈಗ ಅಕ್ಕನಿಗೆ ಕೊಟ್ಟ ಉತ್ತರ. ನಾವು ಆಸೆಯನ್ನೂ ಹಚ್ಚಲಿಲ್ಲ, ಬೆದರಿಕೆಯನ್ನೂ ಹಾಕಲಿಲ್ಲ.

ಐಐಟಿ ಕಷ್ಟ. ಕಾರಣ ಅವಳ ಲೆಕ್ಕವಲ್ಲ, ಆ ಪರೀಕ್ಷೆಯ ಭಾಷೆ. ಆದರೂ ಬರೆಯಲಿ. ರ‍್ಯಾಂಕ್ ಪಟ್ಟಿಗೆ ಸ್ವಲ್ಪದರಲ್ಲಿ ತಪ್ಪಿದ ಪರಿಶಿಷ್ಟ ಮತ್ತು ಅಂಗವಿಕಲ ಮಕ್ಕಳಿಗೆ ಐಐಟಿಗಳಲ್ಲಿ ಒಂದು ವರ್ಷದ ಪೂರ್ವಸಿದ್ಧತೆಯ ಕೋರ್ಸಿಗೆ ಅವಕಾಶ ಉಂಟು. ಸೀಟು ಸಿಕ್ಕರೆ ಪರಿಶಿಷ್ಟರಿಗೂ ಅಂಗವಿಕಲರಿಗೂ ಬೋಧನಾ ಶುಲ್ಕವಿಲ್ಲ. ಜೆಇಇ ಮೇನ್ ಅನ್ನು ಕನ್ನಡದಲ್ಲಿ ಬರೆದು ಎನ್ಐಟಿಗೆ ಯತ್ನಿಸುವುದು ಇದಕ್ಕಿಂತ ಹತ್ತಿರದ ದಾರಿ. ಎಲ್ಲಕ್ಕಿಂತ ಗಟ್ಟಿ ದಾರಿ ನಮ್ಮ ರಾಜ್ಯದ ಸಿಇಟಿ. ಅಲ್ಲಿ ಇಂಜಿನಿಯರಿಂಗಿಗೆ ಪಿಯುಸಿಯ ಅಂಕ ಅರ್ಧ, ಸಿಇಟಿಯ ಅಂಕ ಅರ್ಧ. ಪಿಯುಸಿಯಲ್ಲಿ ಒಳ್ಳೆಯ ಅಂಕ ತೆಗೆದವರಿಗೆ ಅದು ಆಸರೆ. ಸರ್ಕಾರಿ ಕಾಲೇಜಿನಲ್ಲಿ ಅವಳಿಗೆ ಸೀಟು ಸಿಗುತ್ತದೆ ಎಂದೇ ನಮ್ಮ ಅಂದಾಜು. ಇದು ಯಾವುದೂ ಬೇಡವಾದರೆ ತಿರುವನಂತಪುರದ ನಿಶ್ ಸಂಸ್ಥೆ ಇದೆ. ಕಿವುಡ ಮಕ್ಕಳಿಗೆಂದೇ ಕಂಪ್ಯೂಟರ್ ಸೈನ್ಸಿನ ಪದವಿ ನಡೆಸುತ್ತದೆ, ಪಾಠ ಕೈಮಾತಿನಲ್ಲಿ.

ಆದರೆ ಸೀಟು ಸಿಗುವುದು ಬೇರೆ, ಸೀಟಿನಲ್ಲಿ ಕೂತು ಕಲಿಯುವುದು ಬೇರೆ. ನಮ್ಮ ಎಷ್ಟು ಮಕ್ಕಳು ರಿಸರ್ವೇಷನ್ನಿನಲ್ಲಿ ಒಳಗೆ ಹೋಗಿ, ಒಳಗೇ ನರಳಿ, ಸದ್ದಿಲ್ಲದೆ ಬ್ಯಾಗು ಹೊತ್ತು ಊರಿಗೆ ಬಂದಿದ್ದಾರೆ ಅನ್ನುವುದು ಈ ಪತ್ರಿಕೆ ಓದುವವರಿಗೆ ಗೊತ್ತು. ಇವಳಿಗೆ ಬರುವ ನರಳಾಟಕ್ಕಂತೂ ನಿಜವಾಗಿಯೂ ಸದ್ದಿರುವುದಿಲ್ಲ. ಆದ್ದರಿಂದ ಸೀಟಿನ ಜೊತೆಗೇ ಕೇಳಬೇಕಾದ್ದು ಇಷ್ಟು: ಕೈಮಾತಿನ ದುಭಾಷಿ, ಪಾಠದ ಹಿಂದಿನ ದಿನವೇ ಬರಹದಲ್ಲಿ ನೋಟ್ಸು, ವಿಡಿಯೋ ಪಾಠಕ್ಕೆಲ್ಲ ಅಕ್ಷರದ ಪಟ್ಟಿ, ವೈವಾ ಬರೆದು ಕೊಡುವ ಅವಕಾಶ, ಮುಖ ಮಕ್ಕಳ ಕಡೆ ಇಟ್ಟು ಮಾತಾಡುವ ಮೇಷ್ಟರು. ಕೊನೆಯದಕ್ಕೆ ಸರ್ಕಾರದ ಅನುದಾನ ಬೇಕಿಲ್ಲ.

ಹಳ್ಳಿಯ ಮೇಷ್ಟರುಗಳಿಗೆ ಒಂದು ಮಾತು. ನಿಮ್ಮ ಕ್ಲಾಸಿನಲ್ಲಿ ಕರೆದರೆ ತಿರುಗದ ಮಗುವನ್ನು ದಡ್ಡ ಅನ್ನುವ ಮೊದಲು ಕಿವಿ ಪರೀಕ್ಷೆಗೆ ಕಳಿಸಿ. ಭಾಷೆಯ ವಿನಾಯಿತಿ ಅರ್ಜಿಗೆ ಸಹಿ ಹಾಕುವಾಗ ಆ ಮಗು ಮುಂದೆ ಏನು ಓದಬೇಕೆಂದಿದೆ ಎಂದು ಕೇಳಿ ಹಾಕಿ. ದೆಹಲಿಯ ಭಾರತೀಯ ಸಂಜ್ಞಾ ಭಾಷೆಯ ಸಂಶೋಧನಾ ಕೇಂದ್ರ 2015ರಲ್ಲಿ ಶುರುವಾಗಿದೆ. 2021ರ ಹೊತ್ತಿಗೆ ಅದರ ನಿಘಂಟಿಗೆ 10,000 ಪದ ಸೇರಿವೆ. ಅದೇ ವರ್ಷ ರಾಷ್ಟ್ರೀಯ ಮುಕ್ತ ಶಾಲೆಯಲ್ಲಿ ಸಂಜ್ಞಾ ಭಾಷೆ ಒಂದು ವಿಷಯವಾಗಿಯೂ ಬಂದಿದೆ. ಹತ್ತು ಸನ್ನೆ ನೀವೂ ಕಲಿಯಿರಿ. ನಾವು ಇಲ್ಲಿಯತನಕ ನಲವತ್ತು ಕಲಿತಿದ್ದೇವೆ, ಹುಡುಗಿಯೇ ನಮ್ಮ ಮೇಷ್ಟರು.

ಅರ್ಜಿಗಳೆಲ್ಲ ಹೋಗಿವೆ. ಯುಡಿಐಡಿ ಕಾರ್ಡು ಬಂದಿದೆ. ಮೊನ್ನೆ ಅವಳು ಮೊಬೈಲಿನಲ್ಲಿ ಒಂದು ಸಾಲು ಬರೆದು ಕಳಿಸಿದಳು: ‘ಸೀಟು ಸಿಕ್ಕಿತು ಆಮೇಲೆ, ಕಾಲೇಜು ನನ್ನ ಜೊತೆ ಯಾರು ಮಾತು?’

ಇದಕ್ಕೆ ಉತ್ತರ ಕೊಡಬೇಕಾದವರು ನಾವೊಬ್ಬರೇ ಅಲ್ಲ. ಸೀಟು ಹಂಚುವವರ ಮುಂದೆಯೂ ನಿಮ್ಮ ಮುಂದೆಯೂ ಆ ಸಾಲನ್ನು ಹಾಗೇ ಇಟ್ಟಿದ್ದೇವೆ, ಒಂದು ಅಕ್ಷರವನ್ನೂ ತಿದ್ದದೆ.